ಹುಣಸೆಮರದಲ್ಲಿ ಬೆಳ್ಳಿಯ ಗುಂಡು

"ಗುರುಗಳೇ, ಇದಕ್ಕಿಂತ ಬಲವಾದ ಮಂತ್ರ ಇದೆಯೇ?" ಎಂದು ಶಿಷ್ಯ ಕೇಳಿದ.

"ಮೊದಲಿನದಕ್ಕೆ ಏನಾಯಿತು?" ಎಂದರು ಗುರುಗಳು.

"ಅದರಿಂದ ಕೆಲಸ ಆಗಲಿಲ್ಲ."

ಮಠದಿಂದ ಮೂರು ಹರದಾರಿ ದೂರದ ಒಂದು ಊರಿನಲ್ಲಿ ಒಂದು ಬಾವಿಯ ವಿಷಯಕ್ಕೆ ಎರಡು ಕೇರಿಗಳ ನಡುವೆ ಜಗಳವಿತ್ತು. ಅದನ್ನು ಬಗೆಹರಿಸಿ ಬಾ ಎಂದು ಗುರುಗಳು ಶಿಷ್ಯನನ್ನು ಕಳಿಸಿ ಆರು ತಿಂಗಳಾಗಿತ್ತು. ಹೊರಡುವಾಗ ಒಂದು ಸಣ್ಣ ಮಂತ್ರ ಹೇಳಿಕೊಟ್ಟು, ಇದನ್ನು ಅವರ ಜೊತೆ ಕೂತು ಹೇಳು ಎಂದಿದ್ದರು.

"ನೀವು ಕೊಟ್ಟದ್ದನ್ನು ಒಂದು ತಿಂಗಳು ಹೇಳಿದೆ. ಆಮೇಲೆ ಕಾಶಿಯಲ್ಲಿ ಕಲಿತ ಸೂಕ್ತಗಳನ್ನು ಹೇಳಿದೆ. ಗುಡಿಯ ಜಗುಲಿಯ ಮೇಲೆ ಕೂತು ಕಣ್ಣು ಮುಚ್ಚಿದರೆ ಒಂದು ಜಾವ ತೆರೆಯುತ್ತಿರಲಿಲ್ಲ. ಅಷ್ಟು ಶುದ್ಧವಾದ ಉಚ್ಚಾರಣೆಯನ್ನು ಈ ಸೀಮೆಯಲ್ಲಿ ಯಾರೂ ಕೇಳಿಲ್ಲ. ಊರಿನವರೇ ಹಾಗೆಂದರು."

"ಜಗಳ?"

"ಅದು ಹಾಗೇ ಇದೆ. ಆ ಊರಿನವರು ಸಾಮಾನ್ಯದವರಲ್ಲ, ಗುರುಗಳೇ. ಅಂಥ ಮೊಂಡರನ್ನು ನಾನು ನೋಡಿಲ್ಲ. ಪೀಠ ಏರುವವರಿಗೆ ಮಾತ್ರ ಹೇಳಿಕೊಡುವ ಮಂತ್ರ ಒಂದಿದೆಯಂತೆ. ಅದನ್ನು ನನಗೆ ಕೊಟ್ಟರೆ..."

"ಕೂತುಕೋ," ಎಂದರು ಗುರುಗಳು. "ಒಂದು ಚಿರತೆಯ ವಿಷಯ ಹೇಳುತ್ತೇನೆ."

ಕಲ್ಲುಗುಡ್ಡಗಳ ನಡುವೆ ಒಂದು ಊರಿತ್ತು. ಊರಿಗೊಬ್ಬ ಗೌಡ. ಗೌಡನ ಮನೆಯಲ್ಲಿ ಮದ್ದು ತುಂಬಿ ಹೊಡೆಯುವ ಒಂದು ಕೋವಿ. ಆ ಕೋವಿಯಲ್ಲಿ ಗೌಡನ ತಂದೆ ಒಮ್ಮೆ ಹುಲಿ ಹೊಡೆದಿದ್ದ. ಹುಲಿಯ ಚರ್ಮವನ್ನು ಚಾವಡಿಯ ಗೋಡೆಗೆ ಬಡಿದಿದ್ದರು. ಅದರ ಕೆಳಗೆ ಕೂತು ಗೌಡ ಊರಿನ ನ್ಯಾಯ ಹೇಳುತ್ತಿದ್ದ. ಗೌಡ ಸ್ವತಃ ಏನನ್ನೂ ಹೊಡೆದಿರಲಿಲ್ಲ. ಅವನನ್ನು ಅದರ ಬಗ್ಗೆ ಯಾರೂ ಕೇಳಿರಲಿಲ್ಲ.

ಆ ಊರಿನಲ್ಲಿ ದುರುಗವ್ವ ಎಂಬ ಹೆಂಗಸಿದ್ದಳು. ಗಂಡ ಸತ್ತಿದ್ದ. ಅವಳಿಗೆ ಹನ್ನೆರಡು ಮೇಕೆಗಳಿದ್ದವು. ಬೇರೇನೂ ಇರಲಿಲ್ಲ. ಒಂದು ಚಿರತೆ ಗುಡ್ಡದಿಂದ ಇಳಿದು ಬಂದು ಎರಡನ್ನು ಹೊತ್ತುಕೊಂಡು ಹೋಯಿತು. ದುರುಗವ್ವ ಗೌಡನ ಬಳಿಗೆ ಹೋದಳು.

"ಅದನ್ನ ಹೊಡೆದುಕೊಡ್ರಿ ಗೌಡ್ರೇ. ಮೇಕೆ ಹೋದ್ರೆ ನಾನು ಊರು ಬಿಡಬೇಕಾಗ್ತದೆ."

ಗೌಡ ಹುಲಿಯ ಚರ್ಮದ ಕಡೆ ಒಮ್ಮೆ ನೋಡಿ, "ಚಿರತೆ ತಾನೆ?" ಎಂದ.

ಚಿರತೆ ಇಳಿಯುವ ದಾರಿಯಲ್ಲಿ ಒಂದು ಹುಣಸೆಮರವಿತ್ತು. ಮರದ ಬುಡದಲ್ಲಿ ದುರುಗವ್ವನ ಒಂದು ಮೇಕೆಯನ್ನು ಕಟ್ಟಿಸಿದರು. ಐವತ್ತು ಹೆಜ್ಜೆ ಆಚೆ ಒಂದು ಬಂಡೆ. ಬಂಡೆಯಲ್ಲಿ ಒಂದು ಸೀಳು. ಗೌಡ ಅದರ ಹಿಂದೆ ಕೂತು ಸೀಳಿನಲ್ಲಿ ಕೋವಿಯ ನಳಿಗೆ ಇಟ್ಟ. ಚಿರತೆ ಮೇಕೆಯ ಕುತ್ತಿಗೆ ಹಿಡಿಯುವವರೆಗೆ ಕಾಯಬೇಕು, ಆಗ ಅದು ಅಲುಗಾಡುವುದಿಲ್ಲ ಎಂಬುದು ಆ ಸೀಮೆಯ ಕ್ರಮ. ಗೌಡ ಕ್ರಮ ತಪ್ಪಲಿಲ್ಲ. ಹೊತ್ತು ಮುಳುಗುವಾಗ ಚಿರತೆ ಬಂತು, ಮೇಕೆಯ ಕುತ್ತಿಗೆ ಹಿಡಿಯಿತು. ಗೌಡ ಗುಂಡು ಹಾರಿಸಿದ. ಹೊಗೆ ಕರಗಿದ ಮೇಲೆ ನೋಡಿದರೆ ಮೇಕೆ ಸತ್ತು ಬಿದ್ದಿತ್ತು. ಚಿರತೆ ಇರಲಿಲ್ಲ. ಮೇಕೆಯನ್ನು ಗೌಡನ ಆಳುಗಳು ಗೌಡನ ಮನೆಗೆ ಹೊತ್ತರು.

ಮುಂದಿನ ವಾರವೂ ಹಾಗೇ ಆಯಿತು. ಅದರ ಮುಂದಿನ ವಾರವೂ. ಮೂರು ಸೀಸದ ಗುಂಡುಗಳು ಹೋದವು, ಮೂರು ಮೇಕೆಗಳು ಹೋದವು. ದುರುಗವ್ವನ ಹಟ್ಟಿಯಲ್ಲಿ ಏಳು ಉಳಿದವು.

ಈಗ ಗೌಡ ಎರಡು ಮಾತುಗಳಲ್ಲಿ ಒಂದನ್ನು ಆಡಬೇಕಿತ್ತು. ಗುರಿ ತಪ್ಪಿತು ಎನ್ನಬೇಕು, ಇಲ್ಲವೇ ಚಿರತೆಗೆ ಗುಂಡು ಹಿಡಿಯುವುದಿಲ್ಲ ಎನ್ನಬೇಕು. ಗೋಡೆಯ ಮೇಲೆ ಹುಲಿಯ ಚರ್ಮವಿತ್ತು. ಗೌಡ ಎರಡನೆಯದನ್ನು ಆಡಿದ.

"ಮೂರೂ ತಗುಲಿದವು. ಕಣ್ಣಾರೆ ಕಂಡಿದ್ದೇನೆ. ಕಲ್ಲಿಗೆ ಬಿದ್ದ ಹಾಗೆ ಚಿಮ್ಮಿದವು. ಇದು ಬರೀ ಚಿರತೆಯಲ್ಲ."

ಊರಿಗೆ ಮೊದಲು ಹೆದರಿಕೆಯಾಯಿತು. ಎರಡು ದಿನ ಕಳೆದ ಮೇಲೆ ಹೆಮ್ಮೆಯಾಯಿತು. ಪಕ್ಕದ ಊರಿನ ಚಿರತೆಗಳು ಸೀಸಕ್ಕೇ ಸಾಯುತ್ತಿದ್ದವು. ಅವು ಸಾಮಾನ್ಯ ಚಿರತೆಗಳು. ಸಂತೆಗೆ ಹೋದವರು, ನಮ್ಮೂರಿನದು ಸೀಸವನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂದು ಎದೆ ಉಬ್ಬಿಸಿ ಹೇಳಿ ಬಂದರು. ಅಲ್ಲಿಯವರೆಗೆ ಆ ಊರಿಗೆ ಹೇಳಿಕೊಳ್ಳಲು ಏನೂ ಇರಲಿಲ್ಲ.

ಇಂಥದ್ದಕ್ಕೆ ಬೆಳ್ಳಿಯ ಗುಂಡೇ ಆಗಬೇಕು ಎಂದ ಒಬ್ಬ ಮುದುಕ. ನಿನಗೆ ಯಾರು ಹೇಳಿದರು ಎಂದು ಅವನನ್ನು ಯಾರೂ ಕೇಳಲಿಲ್ಲ. ಮನೆಗೊಂದು ಚೂರು ಬೆಳ್ಳಿ ಕೊಡುವುದೆಂದು ತೀರ್ಮಾನವಾಯಿತು. ಮುರಿದ ಕಾಲುಂಗುರ, ಸವೆದ ಗೆಜ್ಜೆ, ಮಗುವಿನ ಉಡುದಾರ ಬಂದವು. ದುರುಗವ್ವ ಸತ್ತ ಗಂಡನ ಕಡಗ ಕೊಟ್ಟಳು. ಎಲ್ಲವೂ ಅಕ್ಕಸಾಲಿಗನ ಮನೆಗೆ ಹೋದವು.

ಅಕ್ಕಸಾಲಿಗರ ಬಗ್ಗೆ ಜನ ಏನೇನು ಮಾತಾಡುತ್ತಾರೆ ಎಂಬುದು ನಿನಗೆ ಗೊತ್ತು. ಈ ಮನೆಯ ಬಗ್ಗೆ ಹಾಗೆ ಯಾರೂ ಮಾತಾಡಿರಲಿಲ್ಲ. ಇವನ ಅಜ್ಜ ಒಂದು ಮೂಗುತಿಗೆ ಬೆಸುಗೆ ಹೆಚ್ಚು ಹಾಕಿದೆನೆಂದು ಅದನ್ನು ಕೊಟ್ಟು ಮನೆಗೆ ಬಂದ ಮೇಲೆ ಅನುಮಾನಪಟ್ಟು, ಎರಡು ದಿನ ನಡೆದು ಹೋಗಿ ಅದನ್ನು ವಾಪಸು ತಂದು ಬೇರೆ ಮಾಡಿಕೊಟ್ಟಿದ್ದ. ಆ ಮೂಗುತಿಯ ವಿಷಯವನ್ನು ಮೊಮ್ಮಗ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಎರಡನೆಯ ಸಲ ಬಂದವರಿಗೂ ಹೇಳುತ್ತಿದ್ದ.

ಸೀಸದ ಗುಂಡನ್ನು ಯಾರು ಬೇಕಾದರೂ ಎರೆಯಬಹುದು. ಗೌಡನ ಹೆಂಡತಿ ಅಡುಗೆಯ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿ, ಎರಡು ಹೋಳಿನ ಅಚ್ಚಿಗೆ ಸುರಿಯುತ್ತಿದ್ದಳು. ಸಾರು ಕುದಿಯುವಷ್ಟರಲ್ಲಿ ಆರು ಗುಂಡುಗಳಾಗುತ್ತಿದ್ದವು. ಬೆಳ್ಳಿ ಹಾಗಲ್ಲ. ಅಡುಗೆಯ ಬೆಂಕಿಗೆ ಅದು ಕೆಂಪಗಾಗುತ್ತದೆ, ಅಷ್ಟೆ. ಅದಕ್ಕೆ ಇದ್ದಿಲು ಬೇಕು, ಗಾಳಿ ಊದುವ ತಿದಿ ಬೇಕು, ಕರಗಿಸಲು ಬೆಂಕಿಗೆ ಬಿರಿಯದ ಮೂಸೆ ಬೇಕು. ಅಕ್ಕಸಾಲಿಗ ಮನೆಯ ಪಡಸಾಲೆಯಲ್ಲಿ ಇದ್ದಿಲು ಹೊತ್ತಿಸಿದ. ಹೆಂಡತಿ ತಿದಿ ಒತ್ತಿದಳು.

ಮೊದಲ ಗುಂಡನ್ನು ಗೌಡನ ಕಬ್ಬಿಣದ ಅಚ್ಚಿನಲ್ಲೇ ಎರೆದ. ತಣ್ಣಗಿನ ಕಬ್ಬಿಣ ತಗುಲಿದ ಕೂಡಲೇ ಬೆಳ್ಳಿ ಸುಕ್ಕುಗಟ್ಟಿತು. ಆಮೇಲೆ ಉಗುಳಿತು. ಕರಗಿದ ಬೆಳ್ಳಿ ಗಾಳಿ ಕುಡಿದಿರುತ್ತದೆ, ಗಟ್ಟಿಯಾಗುವಾಗ ಅದನ್ನು ಹೊರಗೆ ಉಗುಳುತ್ತದೆ. ಗುಂಡಿನ ಮೈತುಂಬ ಸಿಡುಬಿನ ಕಲೆಗಳು. ಸಾಲದ್ದಕ್ಕೆ ಅಚ್ಚಿಗಿಂತ ಸಣ್ಣದಾಗಿತ್ತು.

"ಸಾಕು ಬಿಡ್ರಿ, ಹೊಡೆಯೋದು ಚಿರತೆಗೆ," ಎಂದಳು ಹೆಂಡತಿ.

"ಇದು ಈ ಮನೆಯಿಂದ ಆಚೆ ಹೋಗೋದಿಲ್ಲ," ಎಂದ ಅಕ್ಕಸಾಲಿಗ.

ಅದನ್ನು ಮತ್ತೆ ಮೂಸೆಗೆ ಹಾಕಿದ. ಮೇಣದಲ್ಲಿ ಒಂದು ಉಂಡೆ ಮಾಡಿದ. ಬೆಳ್ಳಿ ಆರುವಾಗ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಂದಾಜು ಮಾಡಿ ಉಂಡೆಯನ್ನು ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿಯೇ ಮಾಡಿದ. ಅದರ ಸುತ್ತ ಹುತ್ತದ ಮಣ್ಣು ಮೆತ್ತಿ, ಸುಟ್ಟು, ಮೇಣ ಇಳಿಸಿದ. ಅಚ್ಚು ಬಿಸಿಯಾಗಿರುವಾಗಲೇ ಬೆಳ್ಳಿ ಎರೆದು ಮೇಲೆ ಇದ್ದಿಲಿನ ಪುಡಿ ಮುಚ್ಚಿದ. ಈ ಸಲ ಬೆಳ್ಳಿ ಉಗುಳಲಿಲ್ಲ. ಎರಡು ದಿನ ಅರ ಹಾಕಿ ಉಜ್ಜಿದ. ಮೂರನೆಯ ದಿನ ಅದನ್ನು ಹಿತ್ತಾಳೆಯ ತಟ್ಟೆಯ ಮೇಲೆ ಉರುಳಿಸಿ ನೋಡಿದ. ಅದು ಅತ್ತಿತ್ತ ಓಲಾಡದೆ ನೆಟ್ಟಗೆ ಹೋಗಿ ಅಂಚಿಗೆ ತಾಗಿ ನಿಂತಿತು.

"ಇಷ್ಟು ನುಣುಪು ಯಾಕ್ರೀ? ಚಿರತೆ ಕಿವಿಗೆ ಇಟ್ಕೊಳ್ತದಾ?"

"ಇಟ್ಟುಕೊಂಡರೂ ಅದಕ್ಕೆ ನಾಚಿಕೆ ಆಗಬಾರದು ಕಣೇ."

ಅಕ್ಕಸಾಲಿಗ ಹೇಳಿದ್ದು ತಮಾಷೆಗಲ್ಲ. ಅವನ ಕೈಯಿಂದ ಅದಕ್ಕಿಂತ ದುಂಡಗಿನ ವಸ್ತು ಹಿಂದೆ ಬಂದಿರಲಿಲ್ಲ.

ಗುಂಡನ್ನು ವೀಳ್ಯದೆಲೆಯ ಮೇಲಿಟ್ಟು, ಕುಂಕುಮ ಹಚ್ಚಿ, ಊರೆಲ್ಲ ತಿರುಗಿಸಿದರು. ಪಕ್ಕದ ಊರಿನವರು ನೋಡಲು ಬಂದರು. ಒಬ್ಬ ಅದನ್ನು ಅಂಗೈಯಲ್ಲಿ ಹಿಡಿದು, "ನಮ್ಮೂರಲ್ಲಿ ಇಂಥ ಗುಂಡಿಲ್ಲ ಬಿಡಪ್ಪ," ಎಂದ.

"ನಿಮ್ಮೂರಲ್ಲಿ ಇಂಥ ಚಿರತೆ ಎಲ್ಲೈತೆ?" ಎಂದರು ಇವರು.

ದುರುಗವ್ವನ ಇನ್ನೊಂದು ಮೇಕೆಯನ್ನು ಹುಣಸೆಮರದ ಬುಡದಲ್ಲಿ ಕಟ್ಟಿದರು. ಗೌಡ ಬಂಡೆಯ ಹಿಂದೆ ಕೂತು ನಳಿಗೆಯನ್ನು ಅದೇ ಸೀಳಿನಲ್ಲಿ ಇಟ್ಟ. ಹೊತ್ತು ಮುಳುಗುವಾಗ ಚಿರತೆ ಬಂತು. ಗೌಡ ಬೆಳ್ಳಿಯ ಗುಂಡು ಹಾರಿಸಿದ. ಚಿರತೆ ಗುಡ್ಡ ಹತ್ತಿತು. ಆರು ಮೇಕೆಗಳು ಉಳಿದವು.

"ತಗುಲಿತು," ಎಂದ ಗೌಡ ಮರುದಿನ ಚಾವಡಿಯಲ್ಲಿ. "ಹಾಗಿದ್ದೂ ಚಿಮ್ಮಿತು ಎಂದರೆ ಬೆಳ್ಳಿಯಲ್ಲೇ ಏನೋ ಇದೆ."

ಎಲ್ಲರೂ ಅಕ್ಕಸಾಲಿಗನ ಕಡೆ ತಿರುಗಿದರು. "ತಾಮ್ರ ಎಷ್ಟು ಬೆರೆಸಿದ್ರಿ ಆಚಾರ್ರೇ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಅಕ್ಕಸಾಲಿಗ ಎದ್ದು ನಿಂತ. "ಗುಂಡು ಹುಡುಕ್ರಿ. ಊರೆದುರು ಒರೆ ಹಚ್ಚೋಣ. ಒಂದು ಗುಲಗಂಜಿ ತೂಕದ ತಾಮ್ರ ಸಿಕ್ಕರೂ ನನ್ನ ಮೂಸೆ ಒಡೆದು ಹಾಕಿ ಊರು ಬಿಡ್ತೀನಿ."

ಊರಿಗೆ ಊರೇ ಹುಣಸೆಮರದ ಹತ್ತಿರ ಹೋಯಿತು. ಹುಲ್ಲಿನಲ್ಲಿ ಹುಡುಕಿದರು, ಕಲ್ಲುಗಳನ್ನು ಎತ್ತಿ ನೋಡಿದರು. ಗುಂಡು ಕಂಡದ್ದು ಅಕ್ಕಸಾಲಿಗನ ಕಣ್ಣಿಗೇ. ಮರದ ಕಾಂಡದಲ್ಲಿ ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಂದು ಅಂಗೈಯಷ್ಟು ಜಾಗದಲ್ಲಿ ನಾಲ್ಕು ತೂತುಗಳಿದ್ದವು. ಅವನು ಕಲ್ಲಿನ ಮೇಲೆ ಹತ್ತಿ ನಿಂತು ಉಳಿ ಹಾಕಿ ಬಗೆದ. ಮೊದಲ ತೂತಿನಲ್ಲಿ ಸೀಸ ಸಿಕ್ಕಿತು. ಕೆಳಗೆ ಎಸೆದ. ಎರಡನೆಯದರಲ್ಲೂ ಮೂರನೆಯದರಲ್ಲೂ ಸೀಸ. ಅವನ್ನೂ ಎಸೆದ. ಅವನಿಗೆ ಬೇಕಾಗಿದ್ದು ಸೀಸವಲ್ಲ. ನಾಲ್ಕನೆಯದರಲ್ಲಿ ಬೆಳ್ಳಿ ಹೊಳೆಯಿತು. ಜನ ಹೋ ಎಂದರು.

ದುರುಗವ್ವ ಕೆಳಗೆ ಬಿದ್ದ ಸೀಸವನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು. ಯಾವುದನ್ನೂ ಬಿಸಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಅಕ್ಕಸಾಲಿಗ ಅಲ್ಲೇ ಮರದ ಕೆಳಗೆ ಕೂತು ಒರೆಗಲ್ಲು ತೆಗೆದ. ಗುಂಡನ್ನು ಒಂದು ಗೆರೆ ಉಜ್ಜಿದ. ಪಕ್ಕದಲ್ಲಿ ಅಪ್ಪಟ ಬೆಳ್ಳಿಯ ಕಡ್ಡಿಯಿಂದ ಇನ್ನೊಂದು ಗೆರೆ. ಗೌಡ ಬಗ್ಗಿ ನೋಡಿದ. ಮುದುಕ ನೋಡಿದ. ಎರಡು ಗೆರೆಗಳಿಗೂ ಕೂದಲಷ್ಟು ವ್ಯತ್ಯಾಸವಿರಲಿಲ್ಲ. ಗೌಡ ತನ್ನ ಹೆಗಲ ಮೇಲಿನ ಶಾಲು ತೆಗೆದು ಅಕ್ಕಸಾಲಿಗನಿಗೆ ಹೊದಿಸಿದ. ಜನ ಅವನನ್ನು ಮುಂದೆ ಬಿಟ್ಟುಕೊಂಡು ಊರಿಗೆ ಬಂದರು. ಆ ದಿನ ಅವನಷ್ಟು ತಲೆ ಎತ್ತಿ ನಡೆದವರು ಆ ಬೀದಿಯಲ್ಲಿ ಇಲ್ಲ. ಎದುರಾದವರಿಗೆಲ್ಲ ಮೂಗುತಿಯ ವಿಷಯವನ್ನು ಇನ್ನೊಮ್ಮೆ ಹೇಳಿದ.

ಕಥೆ ಇಲ್ಲಿಗೆ ಬರುವಾಗ ಶಿಷ್ಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ಗುಂಡು ಇದ್ದದ್ದು ಮರದಲ್ಲಿ!"

"ಹೌದು."

"ಅದು ಯಾರಿಗೂ ಕಾಣಲಿಲ್ಲವೇ?"

"ಎಲ್ಲರಿಗೂ ಕಂಡಿತು. ಅಲ್ಲಿಂದಲೇ ತಾನೆ ತೆಗೆದದ್ದು?"

"ಅಕ್ಕಸಾಲಿಗ ಬುದ್ಧಿವಂತ. ಅವನಾದರೂ ಯೋಚಿಸಬೇಕಿತ್ತು."

"ಅವನನ್ನು ಕೇಳಿದ್ದು ಬೆಳ್ಳಿಯ ಬಗ್ಗೆ. ಬೆಳ್ಳಿಯ ಬಗ್ಗೆ ಅವನು ಸರಿಯಾದ ಉತ್ತರವನ್ನೇ ಕೊಟ್ಟ."

ಶಿಷ್ಯ ಜೋರಾಗಿ ನಕ್ಕ. "ಎಂಥ ದಡ್ಡರು!"

ಗುರುಗಳು ಅವನ ನಗು ಮುಗಿಯುವವರೆಗೆ ಕಾದು ಮುಂದುವರಿಸಿದರು.

ಬೆಳ್ಳಿ ಅಪ್ಪಟವಾಗಿತ್ತು. ಅಪ್ಪಟ ಬೆಳ್ಳಿಗೂ ಚಿರತೆ ಬೀಳಲಿಲ್ಲ ಎಂದರೆ ಚಿರತೆ ಎಂಥದ್ದಿರಬೇಕು? ಊರಿನ ಹೆಮ್ಮೆ ಇನ್ನೊಂದು ಗೇಣು ಬೆಳೆಯಿತು. ಗೌಡ ತನ್ನ ಕೊರಳಿನ ಎರಡೆಳೆಯ ಚಿನ್ನದ ಸರವನ್ನು ಎಲ್ಲರೆದುರು ಕಿತ್ತು ಅಕ್ಕಸಾಲಿಗನ ಕೈಗೆ ಕೊಟ್ಟ.

"ಇದರಲ್ಲಿ ಎರೆಯಿರಿ ಆಚಾರ್ರೇ. ಈ ಗೌಡ ಊರಿನ ಕೆಲಸಕ್ಕೆ ಹಿಂದೆ ಸರಿದ ಅನ್ನೋ ಮಾತು ಬರಬಾರದು."

ಅಕ್ಕಸಾಲಿಗ ಸರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮನೆಗೆ ಬಂದ ಮೇಲೆ ಹೆಂಡತಿ ತಿದಿಯ ಮುಂದೆ ಕೂರಲಿಲ್ಲ.

"ಒಂದು ಮಾತು ಕೇಳ್ತೀನಿ. ಮರಕ್ಕೆ ಹೊಡೆಯೋಕೆ ಚಿನ್ನ ಬೇಕಾ?"

ಅವನು ಸರವನ್ನು ಮೂಸೆಗೆ ಹಾಕಿದ. "ತಿದಿ ಒತ್ತು," ಎಂದ.

ಚಿನ್ನ ಬೆಳ್ಳಿಯ ಹಾಗೆ ಉಗುಳುವುದಿಲ್ಲ. ಅದು ಮರ್ಯಾದೆಯ ಲೋಹ. ಮೊದಲ ಸಲಕ್ಕೇ ಸರಿಯಾಗಿ ಬಂತು. ಹಿತ್ತಾಳೆಯ ತಟ್ಟೆಯ ಮೇಲೆ ಉರುಳಿಸಿದಾಗ ಬೆಳ್ಳಿಗಿಂತ ಮೆಲ್ಲಗೆ, ಬೆಳ್ಳಿಗಿಂತ ನೆಟ್ಟಗೆ ಹೋಯಿತು. ಅದನ್ನು ನೋಡಲು ಏಳು ಊರುಗಳಿಂದ ಜನ ಬಂದರು. ದುರುಗವ್ವನ ಮೇಕೆಯನ್ನು ಕಟ್ಟಿದರು. ಗೌಡ ಬಂಡೆಯ ಹಿಂದೆ ಕೂತು ನಳಿಗೆಯನ್ನು ಸೀಳಿನಲ್ಲಿ ಇಟ್ಟ. ಐದು ಮೇಕೆಗಳು ಉಳಿದವು.

ಮರುದಿನ ಯಾರೂ ಹುಲ್ಲಿನಲ್ಲಿ ಹುಡುಕಲಿಲ್ಲ. ನೇರವಾಗಿ ಮರದ ಹತ್ತಿರ ಹೋದರು. ಅಕ್ಕಸಾಲಿಗ ಕಲ್ಲು ಹತ್ತಿದ, ಚಿನ್ನ ಬಗೆದು ತೆಗೆದ, ಒರೆ ಹಚ್ಚಿದ. ಅಪ್ಪಟ ಚಿನ್ನ. ಈ ಸಲವೂ ಜನ ಹೋ ಎಂದರು.

ಆ ದಿನ ಮಧ್ಯಾಹ್ನ ದುರುಗವ್ವ ಚಾವಡಿಗೆ ಬಂದಳು. ಮಡಿಲಿನಿಂದ ಮೂರು ಸೀಸದ ಉಂಡೆಗಳನ್ನು ತೆಗೆದು ಗೌಡನ ಮುಂದೆ ಇಟ್ಟಳು.

"ಇವನ್ನೂ ಒಂದು ಸಲ ಒರೆ ಹಚ್ಚಿಸಿಬಿಡ್ರಿ ಗೌಡ್ರೇ."

"ಏನಿವು?"

"ನಿಮ್ಮವೇ. ಬೆಳ್ಳಿಗಿಂತ ಮೊದಲು ಹೊಡೆದವು. ಅದೇ ಮರದಾಗಿದ್ವು. ಸೀಸನೂ ಅಪ್ಪಟನೇ ಇರ್ಬೇಕು."

ಮೂಲೆಯಲ್ಲಿ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

"ಚಿರತೆ ನನ್ನ ಮೇಕೆ ಹಿಡಿಯೋದು ನೆಲದ ಮೇಲೆ," ಎಂದಳು ದುರುಗವ್ವ. "ತೂತು ಇರೋದು ನನ್ನ ತಲೆಗಿಂತ ಮೇಲೆ. ನೆಲದ ಮೇಲಿದ್ದದ್ದಕ್ಕೆ ತಗುಲಿ ಐದು ಸಲನೂ ಅದೇ ಅಂಗೈಯಗಲಕ್ಕೆ ಚಿಮ್ತಾವಾ? ನಾನು ಐದು ಸಲನೂ ನಿಮ್ಮ ಬಂಡೆ ಪಕ್ಕದ ಪೊದೆಯಾಗೆ ಕೂತಿದ್ದೆ. ಮೇಕೆ ನಂದಲ್ವಾ, ಕೊನೇ ಸಲ ನೋಡೋಣ ಅಂತ. ನೀವು ಕೋವಿ ಹಾರಿಸೋವಾಗ ಎರಡೂ ಕಣ್ಣು ಮುಚ್ಚಿ ಮುಖ ಆ ಕಡೆ ತಿರುಗಿಸ್ತೀರಿ. ಮುಂದಿನ ಸಲ ಒಂದು ಕಣ್ಣಾದರೂ ತೆರೆದಿರಲಿ ನನ್ನಪ್ಪಾ. ನಂಗೆ ಇನ್ನು ಐದೇ ಉಳಿದಾವೆ."

ಗೌಡ ಗೋಡೆಯ ಕಡೆ ಕೈ ತೋರಿಸಿದ.

"ಇದೇ ಕೋವಿಯಲ್ಲಿ ನಮ್ಮಪ್ಪ ಹುಲಿ ಹೊಡೆದಿದ್ದಾರೆ."

"ಹೌದ್ರಿ. ಅವ್ರು ಹೊಡೆದಿದ್ರು," ಎಂದಳು ದುರುಗವ್ವ.

ಗೌಡನ ಮುಖ ಕಪ್ಪಗಾಯಿತು. ಅವನು ಅಕ್ಕಸಾಲಿಗನ ಕಡೆ ತಿರುಗಿದ. "ಆಚಾರ್ರೇ, ಗುಂಡು ತೆಗೆದವರು ನೀವು. ನೀವೇ ಹೇಳಿ. ನಿಮ್ಮ ಮಾತಿಗೆ ಈ ಊರಲ್ಲಿ ಎದುರು ಮಾತಿಲ್ಲ."

ಅದು ನಿಜವಾಗಿತ್ತು. ಅಕ್ಕಸಾಲಿಗ ಒಂದು ಮಾತು ಹೇಳಿದ್ದರೆ ಊರು ನಂಬುತ್ತಿತ್ತು. ಅವನಿಗೆ ಗೊತ್ತಿತ್ತು ಕೂಡ. ಎರಡು ಗುಂಡುಗಳ ಮೈಮೇಲೂ ಮರದ ನಾರು ಬಿಟ್ಟರೆ ಬೇರೆ ಗುರುತು ಇರಲಿಲ್ಲ. ಏನಾದರೊಂದಕ್ಕೆ ಮೊದಲು ಬಡಿದು ಚಿಮ್ಮಿದ್ದರೆ ಚಿನ್ನದಂಥ ಮೆತ್ತನೆಯ ಲೋಹದಲ್ಲಿ ಅದರ ಜಜ್ಜು ಉಳಿಯುತ್ತದೆ. ಅಂಥ ಜಜ್ಜನ್ನು ಬೆರಳ ತುದಿಯಲ್ಲೇ ಹೇಳಬಲ್ಲ ಮನುಷ್ಯ ಅವನು. ಆದರೆ ಹಾಗೆ ಹೇಳಿದರೆ ಅವನ ಕೈಯಿಂದ ಬಂದ ಅತ್ಯಂತ ದುಂಡಗಿನ ಎರಡು ವಸ್ತುಗಳು ಒಂದು ಹುಣಸೆಮರಕ್ಕೆ ಹೊಡೆಯಲು ಮಾಡಿದವು ಎಂದಾಗುತ್ತಿತ್ತು. ಶಾಲು ಇನ್ನೂ ಅವನ ಹೆಗಲ ಮೇಲಿತ್ತು.

"ನಾನು ಲೋಹದ ವಿಷಯ ಹೇಳಬಲ್ಲೆ," ಎಂದ ಅಕ್ಕಸಾಲಿಗ. "ಲೋಹ ಅಪ್ಪಟ."

ದುರುಗವ್ವ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸೀಸವನ್ನು ಮತ್ತೆ ಮಡಿಲಿಗೆ ಹಾಕಿಕೊಂಡು ಹೊರಟುಹೋದಳು.

ಅವಳು ಹೋದ ಮೇಲೆ ಮುದುಕ ಗಂಟಲು ಸರಿಮಾಡಿಕೊಂಡ. "ಆ ಹೆಂಗಸು ಒಂದು ಮಾತು ಸರಿಯಾಗಿ ಹೇಳಿದ್ಲು. ಸೀಸ ಹೋಗಿದ್ದೂ ಆ ಮರಕ್ಕೆ, ಬೆಳ್ಳಿ ಹೋಗಿದ್ದೂ ಆ ಮರಕ್ಕೆ, ಚಿನ್ನ ಹೋಗಿದ್ದೂ ಆ ಮರಕ್ಕೆ. ಗೌಡ್ರಲ್ಲಿ ದೋಷ ಇಲ್ಲ. ಲೋಹದಲ್ಲಿ ದೋಷ ಇಲ್ಲ. ಮರ ಗುಂಡನ್ನ ಎಳ್ಕೊಳ್ತೈತೆ."

ಇಷ್ಟು ದಿನ ಇದು ತಮಗೆ ಹೊಳೆಯಲಿಲ್ಲವಲ್ಲ ಎಂದು ಎಲ್ಲರಿಗೂ ಆಶ್ಚರ್ಯವಾಯಿತು. ಮರುದಿನ ಕೊಡಲಿ ಹಿಡಿದು ಹೊರಟರು. ಮೊದಲು ಮರಕ್ಕೆ ಪೂಜೆ ಮಾಡಿದರು, ಆಮೇಲೆ ಕಡಿದರು. ದೊಡ್ಡ ಮರ, ಮೂರು ದಿನ ಹಿಡಿಯಿತು. ಪ್ರತಿ ಮನೆಯಿಂದ ಒಬ್ಬೊಬ್ಬರು ಬಂದು ಕೊಡಲಿ ಹಾಕಿದರು. ಊರು ಅಷ್ಟು ಒಗ್ಗಟ್ಟಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಮರ ಬಿದ್ದ ಮೇಲೆ ಗೌಡ ಮೇಕೆ ತರಲು ಆಳನ್ನು ಕಳಿಸಿದ. ದುರುಗವ್ವನ ಹಟ್ಟಿ ಖಾಲಿಯಾಗಿತ್ತು. ಅವಳು ಬೆಳಗಾಗುವ ಮೊದಲೇ ಐದು ಮೇಕೆಗಳನ್ನು ಹೊಡೆದುಕೊಂಡು ಪಕ್ಕದ ಊರಿಗೆ ಹೋಗಿದ್ದಳು. ಅಲ್ಲಿಯ ಚಿರತೆಗಳು ಸಾಮಾನ್ಯದವು.

ಮೇಕೆಗಳ ಹಿಂದೆ ಚಿರತೆಯೂ ಹೋಯಿತು. ಹೋದ ಹದಿನೈದನೆಯ ದಿನ ಅಲ್ಲೊಬ್ಬ ಒಕ್ಕಲಿಗ, ಯಾರದೋ ಕೋವಿ ಕೇಳಿ ತಂದವನು, ಅದು ಮೇಕೆಯ ಹತ್ತಿರ ಬರುವ ಮೊದಲೇ ಹೊಡೆದ. ಒಂದೇ ಗುಂಡು. ಅದನ್ನು ಎರೆದದ್ದು ದುರುಗವ್ವನ ಮಡಿಲಿನ ಸೀಸದಿಂದ. ಅದರಲ್ಲಿ ಇನ್ನೆರಡು ಗುಂಡಿಗೆ ಆಗುವಷ್ಟು ಸೀಸ ಉಳಿಯಿತಂತೆ.

ಸುದ್ದಿ ಕೇಳಿ ಅಕ್ಕಸಾಲಿಗ ಒಬ್ಬನೇ ಆ ಊರಿಗೆ ನಡೆದು ಹೋದ. ಚರ್ಮವನ್ನು ಬಿಸಿಲಿಗೆ ಹರಡಿದ್ದರು. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಡವೆಯ ಮೇಲೆ ಬಿರುಕು ಹುಡುಕುವ ಹಾಗೆ, ತಲೆಯಿಂದ ಬಾಲದವರೆಗೆ ಬೆರಳಾಡಿಸಿದ. ತಿರುಗಿಸಿ ಒಳಮೈಯನ್ನೂ ನೋಡಿದ. ಒಂದೇ ಒಂದು ತೂತು. ಬೇರೆ ಗೀರು ಸಹ ಇರಲಿಲ್ಲ. ದುರುಗವ್ವ ಅಲ್ಲೇ ಮೇಕೆಗಳಿಗೆ ಸೊಪ್ಪು ಹಾಕುತ್ತಿದ್ದಳು.

"ಮಜ್ಜಿಗೆ ಕುಡಿತೀರಾ ಆಚಾರ್ರೇ?" ಎಂದಳು.

ಅವನು ಕುಡಿಯಲಿಲ್ಲ.

ಊರಿಗೆ ಬಂದ ಮೇಲೆ ಗೌಡ ಕೇಳಿದ. "ಏನು ಕಂಡಿರಿ?"

"ಒಂದೇ ತೂತು."

"ನೋಡಿದಿರಾ?" ಎಂದು ಗೌಡ ಚಾವಡಿಯತ್ತ ತಿರುಗಿದ. "ನಮ್ಮ ಚಿನ್ನ ಅದನ್ನು ಒಳಗೊಳಗೇ ಅರ್ಧ ಕೊಂದಿತ್ತು. ಇಲ್ಲದಿದ್ದರೆ ಅಂಥ ಚಿರತೆ ಸೀಸಕ್ಕೆ ಬೀಳುತ್ತಿತ್ತೇ?"

ಊರು ಈಗಲೂ ಹಾಗೇ ಹೇಳುತ್ತದೆ. ಅಕ್ಕಸಾಲಿಗ ಎರಡು ಗುಂಡುಗಳನ್ನೂ ಮತ್ತೆ ಉಜ್ಜಿ ಸರಿಮಾಡಿಕೊಟ್ಟ. ಗುಡಿಯಲ್ಲಿ ಒಂದು ತಟ್ಟೆಯ ಮೇಲೆ ಇಟ್ಟಿದ್ದಾರೆ. ಬಂದವರಿಗೆ ತೋರಿಸುತ್ತಾರೆ. ನಾನೂ ನೋಡಿದ್ದೇನೆ. ತುಂಬ ದುಂಡಗಿವೆ. ಆಮೇಲೆ ಆ ಮನೆಗೆ ಹೋಗಿದ್ದವರು ಒಂದು ವಿಷಯ ಹೇಳುತ್ತಾರೆ. ಅಕ್ಕಸಾಲಿಗ ಅದಾದ ಮೇಲೆ ಮೂಗುತಿಯ ಮಾತನ್ನು ಯಾರಿಗೂ ಹೇಳಲಿಲ್ಲವಂತೆ.

ಗುರುಗಳು ಮಾತು ನಿಲ್ಲಿಸಿದರು.

ಶಿಷ್ಯ ತಲೆಯಾಡಿಸಿದ. "ಅರ್ಥವಾಯಿತು. ಬೆಳ್ಳಿ ಬಂಗಾರದ ಆಡಂಬರ ಬೇಡ, ಸರಳವಾದ ಸೀಸವೇ ಸಾಕು. ನಾನು ನೀವು ಕೊಟ್ಟ ಸಣ್ಣ ಮಂತ್ರಕ್ಕೇ ವಾಪಸು ಹೋಗಬೇಕು."

"ಮರಕ್ಕೆ ಮೊದಲು ಹೋದ ಮೂರೂ ಸೀಸದವೇ," ಎಂದರು ಗುರುಗಳು.

ಶಿಷ್ಯ ಬೆನ್ನು ನೆಟ್ಟಗೆ ಮಾಡಿ ಕೂತ. "ಹಾಗಾದರೆ ಪೀಠದ ಮಂತ್ರವನ್ನೇ ಕೊಡಿ ಗುರುಗಳೇ. ನನ್ನ ಉಚ್ಚಾರಣೆಯಲ್ಲಿ ದೋಷವಿದೆಯೇ ಎಂದು ನೀವೇ ಪರೀಕ್ಷೆ ಮಾಡಿ. ಒಂದು ಸ್ವರ ತಪ್ಪಿದರೂ ನಾನು ಮಠ ಬಿಡುತ್ತೇನೆ."

"ಪರೀಕ್ಷೆ ಬೇಡ, ಸ್ವರ ಅಪ್ಪಟವಾಗಿಯೇ ಇದೆ, ಮಂತ್ರ ಈಗಲೇ ಕೊಡುತ್ತೇನೆ," ಎಂದರು ಗುರುಗಳು, "ಅದಕ್ಕೆ ಮೊದಲು ಇಷ್ಟು ಹೇಳು, ಆರು ತಿಂಗಳು ಹೋಗಿಬಂದೆಯಲ್ಲ, ಆ ಬಾವಿ ಯಾವ ಕೇರಿಯಲ್ಲಿದೆ?"